ಕಲ್ಪನೆಯ ಜೀವಿಗಳು

ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ, ನಂದಿಬೆಟ್ಟದ ಬುಡದಲ್ಲಿ, ನಂದಿ ಎಂಬ ಗ್ರಾಮವಿದೆ. ಅಲ್ಲಿನ ಭೋಗನಂದೀಶ್ವರ ದೇವಾಲಯವು ಕರ್ನಾಟಕದ ಪ್ರಾಚೀನ ಶಿವಾಲಯಗಳಲ್ಲಿ ಒಂದು. 9ನೆಯ ಶತಮಾನದ ಆದಿಭಾಗದಲ್ಲಿ ಬಾಣವಂಶದ ರಾಣಿ ರತ್ನಾವಳಿಯು ಅದನ್ನು ಕಟ್ಟಿಸಿದಳೆಂದು ಹೇಳುತ್ತಾರೆ. ಅನಂತರ ಚೋಳರು, ಹೊಯ್ಸಳರು, ವಿಜಯನಗರದ ಅರಸರು ತಮ್ಮ ತಮ್ಮ ಕಾಲದಲ್ಲಿ ಅದನ್ನು ವಿಸ್ತರಿಸಿದರು. ಇಂತಹ ಹಳೆಯ ದ್ರಾವಿಡ ಶೈಲಿಯ ದೇಗುಲಗಳ ಅಧಿಷ್ಠಾನವನ್ನೂ ತೋರಣಗಳನ್ನೂ ಕಂಬಗಳನ್ನೂ ನಿಧಾನವಾಗಿ ನೋಡುತ್ತ ನಡೆದರೆ ಅಲ್ಲಲ್ಲಿ ಒಂದು ವಿಚಿತ್ರ ಪ್ರಾಣಿಸಂಕುಲ ಕಣ್ಣಿಗೆ ಬೀಳುತ್ತದೆ. ಒಂದಕ್ಕೆ ಸಿಂಹದ ಮೈ, ಆನೆಯ ಸೊಂಡಿಲು. ಮತ್ತೊಂದಕ್ಕೆ ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಗರಿಯಂತೆ ಸುರುಳಿಗೊಂಡ ಬಾಲ. ಇನ್ನೊಂದಕ್ಕೆ ಮೈಯೇ ಇಲ್ಲ. ಬರಿಯ ಮುಖ, ಉಬ್ಬಿದ ಕಣ್ಣು, ತೆರೆದ ಬಾಯಿ. ಮೊದಲನೆಯದು ಯಾಳಿ, ಎರಡನೆಯದು ಮಕರ, ಮೂರನೆಯದು ಕೀರ್ತಿಮುಖ.

ಇವುಗಳನ್ನು ಯಾರೂ ಕಾಡಿನಲ್ಲಿ ಕಂಡವರಿಲ್ಲ. ಆದರೂ ದೇವಾಲಯಕ್ಕೆ ಬಂದ ಹಳ್ಳಿಯ ಮಗು ಯಾಳಿಯ ಮುಂದೆ ನಿಂತು ‘ಇಂತಹ ಪ್ರಾಣಿ ಉಂಟೆ?’ ಎಂದು ತಕರಾರು ಮಾಡುವುದಿಲ್ಲ; ‘ಇದು ಕಚ್ಚುತ್ತದೆಯೆ?’ ಎಂದು ಕೇಳುತ್ತದೆ. ಇಲ್ಲದ ಪ್ರಾಣಿಯೊಂದು ಇರುವ ಪ್ರಾಣಿಯಂತೆ ನಂಬಿಕೆಗೆ ಪಾತ್ರವಾಗುವುದು ಹೇಗೆ? ಕಥೆಗಾರನಾಗಲಿ ಶಿಲ್ಪಿಯಾಗಲಿ ಹೊಸ ಜೀವಿಯನ್ನು ಸೃಷ್ಟಿಸುವಾಗ ಏನು ಮಾಡುತ್ತಾನೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರದ ದೇಶಗಳಿಗೆ ಹೋಗಬೇಕಾದುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತಲಿನ ಬೆಟ್ಟ, ಗುಡಿ, ಮರಗಳ ನಡುವೆಯೇ ಬೇಕಾದಷ್ಟು ನಿದರ್ಶನಗಳು ಸಿಗುತ್ತವೆ.

ಮನುಷ್ಯನ ಕಲ್ಪನೆ ಎಷ್ಟೇ ಸ್ವಚ್ಛಂದವಾದರೂ ಶೂನ್ಯದಿಂದ ಏನನ್ನೂ ತಾರದು. ಕಂಡ ಪ್ರಾಣಿಗಳ ಅವಯವಗಳನ್ನೇ ಬಿಡಿಸಿ ಬೇರೆ ರೀತಿಯಲ್ಲಿ ಜೋಡಿಸುವುದು ಅದರ ಮೊದಲ ಹೆಜ್ಜೆ. ಪ್ರಾಚೀನ ಗ್ರೀಕರು ಸಿಂಹ, ಆಡು, ಹಾವುಗಳನ್ನು ಕೂಡಿಸಿ ಕೈಮೀರಾ ಎಂಬ ಬೆಂಕಿಯುಗುಳುವ ಪ್ರಾಣಿಯನ್ನು ಮಾಡಿಕೊಂಡರು. ನಮ್ಮವರು ಮಕರವನ್ನೂ ಯಾಳಿಯನ್ನೂ ಮಾಡಿಕೊಂಡರು. ಆದರೆ ಜೋಡಣೆಯೊಂದರಿಂದಲೇ ಜೀವ ಬರುವುದಿಲ್ಲ. ಆನೆಯ ಸೊಂಡಿಲನ್ನು ಸಿಂಹದ ಮುಖಕ್ಕೆ ಅಂಟಿಸಿದ ಮಾತ್ರಕ್ಕೆ ಯಾಳಿ ಆಗದು. ಅದು ಎರಡು ಪ್ರಾಣಿಗಳ ತುಂಡುಗಳ ರಾಶಿ ಮಾತ್ರ ಆದೀತು. ಒಳ್ಳೆಯ ಶಿಲ್ಪಿ ಬೆಸುಗೆ ಕಾಣದಂತೆ ಕೆತ್ತುತ್ತಾನೆ. ಸೊಂಡಿಲಿನ ಭಾರವನ್ನು ಹೊರಲು ಕತ್ತು ದಪ್ಪವಾಗಬೇಕು; ಕತ್ತಿಗೆ ಆಧಾರವಾಗಿ ಎದೆ ಮುಂದಕ್ಕೆ ಉಬ್ಬಬೇಕು; ಹಿಂಗಾಲುಗಳ ಮೇಲೆ ಮೈಯನ್ನೆತ್ತಿ ನಿಂತರೆ ತೊಡೆಯ ಮಾಂಸಖಂಡ ಬಿಗಿಯಬೇಕು. ಇಷ್ಟೆಲ್ಲ ನಿಜ ಸೇರಿದ ಮೇಲೆಯೇ ಆ ಸುಳ್ಳು ಪ್ರಾಣಿ ನೆಲದ ಮೇಲೆ ಕಾಲೂರಿ ನಿಲ್ಲುವುದು.

ರೂಪ ದೊರೆತ ಮೇಲೆ ಸ್ವಭಾವ ಬೇಕು. ಕೀರ್ತಿಮುಖದ ಕಥೆಯನ್ನು ನೋಡಬಹುದು. ಜಲಂಧರನೆಂಬ ಅಸುರರಾಜನು ಪಾರ್ವತಿಯನ್ನು ತನಗೊಪ್ಪಿಸಬೇಕೆಂದು ಹೇಳಿ ರಾಹುವನ್ನು ಶಿವನ ಬಳಿಗೆ ದೂತನನ್ನಾಗಿ ಕಳುಹಿಸುತ್ತಾನೆ. ಶಿವನ ಕೋಪದಿಂದ, ಹುಬ್ಬುಗಳ ನಡುವಿನಿಂದ, ಸಿಂಹದ ಮುಖದ ಭೀಕರ ಜೀವಿಯೊಂದು ಹೊರಬರುತ್ತದೆ. ಅದಕ್ಕೆ ಹುಟ್ಟುತ್ತಲೇ ಹಸಿವು. ರಾಹುವನ್ನು ನುಂಗಲು ಬಾಯಿ ತೆರೆಯುವಷ್ಟರಲ್ಲಿ ಅವನು ಶರಣಾಗುತ್ತಾನೆ. ದೂತನನ್ನು ಕೊಲ್ಲಕೂಡದೆಂದು ಶಿವನು ಅವನನ್ನು ಬಿಡಿಸುತ್ತಾನೆ. ‘ನನ್ನ ಹಸಿವಿಗೆ ಗತಿಯೇನು?’ ಎಂದು ಆ ಜೀವಿ ಕೇಳಿದಾಗ ‘ನಿನ್ನ ಮೈಯನ್ನೇ ತಿನ್ನು’ ಎಂದು ಅಪ್ಪಣೆಯಾಗುತ್ತದೆ. ಅದು ಕಾಲುಗಳಿಂದ ಆರಂಭಿಸಿ ಕೈ, ಹೊಟ್ಟೆ, ಎದೆ ಎಲ್ಲವನ್ನೂ ತಿಂದು ಮುಗಿಸಿ ಕಡೆಗೆ ಮುಖವಾಗಿ ಉಳಿಯುತ್ತದೆ. ಪ್ರಸನ್ನನಾದ ಶಿವನು ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಿನಲ್ಲಿ ಸ್ಥಾನ ಕೊಡುತ್ತಾನೆ.

ಕಲ್ಲಿನ ಮುಖಕ್ಕೆ ಮೈ ಏಕಿಲ್ಲವೆಂಬುದಕ್ಕೆ ಈ ಕಥೆಯಲ್ಲಿ ಕಾರಣ ದೊರೆಯುತ್ತದೆ. ಹಸಿವು ಎಂಬ ಒಂದೇ ಗುಣ ಅದರ ರೂಪವನ್ನೂ ಅದರ ಸ್ಥಳವನ್ನೂ ನಿರ್ಧರಿಸಿಬಿಟ್ಟಿದೆ. ಹತ್ತು ತಲೆ, ನೂರು ಕೋರೆಹಲ್ಲು ಎಂದು ಲೆಕ್ಕ ಹೇಳುತ್ತ ಹೋಗುವ ಕಥೆಗಾರರು ಈ ಮೈಯಿಲ್ಲದ ಮುಖವನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಹಸಿವಿನ ಮತ್ತೊಂದು ಕಥೆ ಚಿಂತಾಮಣಿ ತಾಲ್ಲೂಕಿನ ಕೈವಾರದ್ದು. ಕಾಲಜ್ಞಾನದ ಪದಗಳನ್ನು ಹೇಳಿದ ಯೋಗಿ ನಾರೇಯಣರಿಂದ ಈ ಊರು ಪ್ರಸಿದ್ಧ. ಅದಕ್ಕಿಂತ ಹಿಂದಿನಿಂದಲೂ ಮಹಾಭಾರತದ ಏಕಚಕ್ರಪುರ ಇದೇ ಎಂಬ ಪ್ರತೀತಿ ಜನರಲ್ಲಿ ಬೇರೂರಿದೆ. ಅರಗಿನ ಮನೆಯಿಂದ ಪಾರಾದ ಪಾಂಡವರು ತಾಯಿಯೊಡನೆ ಬ್ರಾಹ್ಮಣವೇಷದಲ್ಲಿ ಏಕಚಕ್ರಪುರದಲ್ಲಿ ತಂಗಿದ್ದಾಗ ಭೀಮನು ಬಕಾಸುರನನ್ನು ಕೊಂದ ಕಥೆ ಎಲ್ಲರಿಗೂ ಗೊತ್ತು. ಆದರೆ ಸಾಮಾನ್ಯವಾಗಿ ನೆನಪಿನಲ್ಲಿ ಉಳಿಯುವುದು ಭೀಮನ ಊಟ ಮತ್ತು ಕಾಳಗ. ಮೂಲಕಥೆಯಲ್ಲಿ ಅದಕ್ಕಿಂತ ಭಯಂಕರವಾದ ಸಂಗತಿಯೊಂದಿದೆ.

ಬಕನು ಊರಿನ ಮೇಲೆ ಹೇಳದೆ ಕೇಳದೆ ಎರಗುವ ರಾಕ್ಷಸನಲ್ಲ. ಅವನಿಗೂ ಊರಿಗೂ ಒಂದು ಒಪ್ಪಂದವುಂಟು. ಆ ಸೀಮೆಯ ಅರಸ ದುರ್ಬಲ. ಊರನ್ನು ಪರಶತ್ರುಗಳಿಂದ ಕಾಯುವವನು ಬಕನೇ. ಅದಕ್ಕೆ ಪ್ರತಿಫಲವಾಗಿ ಒಂದು ಬಂಡಿ ಅನ್ನ, ಎರಡು ಕೋಣ, ಅವುಗಳನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ ಅವನಿಗೆ ಸಲ್ಲಬೇಕು. ಮನೆಗೊಂದು ಸರದಿ. ಒಂದು ಮನೆಗೆ ಸರದಿ ಬರುವುದು ಬಹಳ ವರ್ಷಗಳಿಗೊಮ್ಮೆ; ಆದ್ದರಿಂದ ಉಳಿದ ಮನೆಗಳು ಸುಮ್ಮನಿರುತ್ತವೆ. ಬಕನ ಕೋರೆಹಲ್ಲಿಗಿಂತ ಈ ಸರದಿಯೇ ಹೆಚ್ಚು ಹೆದರಿಸುವಂಥದು. ಇಂತಹ ವ್ಯವಸ್ಥೆಯನ್ನು ಊಹಿಸಿದ ಕವಿಗೆ ರಾಕ್ಷಸರಿಗಿಂತ ಮನುಷ್ಯರ ವಿಷಯ ಚೆನ್ನಾಗಿ ತಿಳಿದಿತ್ತು.

ಪಾಂಡವರು ಇಳಿದುಕೊಂಡ ಮನೆಗೆ ಸರದಿ ಬಂದ ದಿನ ಆ ಮನೆಯವರು ನಡೆದುಕೊಂಡ ರೀತಿಯಿಂದ ಪಾತ್ರಸೃಷ್ಟಿಯ ಪಾಠವನ್ನೇ ಕಲಿಯಬಹುದು. ತಂದೆ ತಾನು ಹೋಗುವೆನೆನ್ನುತ್ತಾನೆ, ತಾಯಿ ತಾನು ಹೋಗುವೆನೆನ್ನುತ್ತಾಳೆ, ಮಗಳೂ ಬಿಡುವುದಿಲ್ಲ. ಮೂವರೂ ಅಳುತ್ತಿರುವಾಗ, ಇನ್ನೂ ಮಾತು ತೊದಲುವ ಚಿಕ್ಕ ಮಗನು ಒಂದು ಹುಲ್ಲುಕಡ್ಡಿಯನ್ನು ಹಿಡಿದುಕೊಂಡು, ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಆ ದುಃಖದಲ್ಲಿಯೂ ಹೆತ್ತವರಿಗೆ ನಗೆ ಬರುತ್ತದೆ. ಆ ಹುಲ್ಲುಕಡ್ಡಿ ಇಲ್ಲದಿದ್ದರೆ ಬಕನ ಗಾತ್ರ ಓದುಗರ ಅಳತೆಗೆ ಸಿಗುತ್ತಿರಲಿಲ್ಲ.

ಇನ್ನು ಭೀಮ. ಅವನು ಬಂಡಿಯನ್ನು ಹೊಡೆದುಕೊಂಡು ಹೋಗಿ, ರಾಕ್ಷಸನಿಗೆಂದು ತಂದ ಅನ್ನವನ್ನು ತಾನೇ ಉಣ್ಣಲು ಕುಳಿತುಕೊಳ್ಳುತ್ತಾನೆ. ಬಕನು ಬಂದು ಬೆನ್ನಿನ ಮೇಲೆ ಗುದ್ದಿದರೂ ತಿರುಗಿ ನೋಡದೆ ಊಟ ಮುಗಿಸಿ, ಕೈ ತೊಳೆದು, ಆಮೇಲೆ ಯುದ್ಧಕ್ಕೆ ಏಳುತ್ತಾನೆ. ಹಸಿವೇ ಮೈವೆತ್ತಂತಿದ್ದ ಬಕನಿಗೆ ಇದಿರಾಗಿ ಹಸಿವಿಗೆ ಹೆಸರಾದ ಭೀಮನನ್ನೇ ಕವಿ ನಿಲ್ಲಿಸಿದ್ದಾನೆ. ಅರ್ಜುನನು ಬಾಣ ಬಿಟ್ಟು ಬಕನನ್ನು ಕೊಂದಿದ್ದರೆ ಊರಿಗೇನೋ ಉಪಕಾರವಾಗುತ್ತಿತ್ತು, ಆದರೆ ಕಥೆಗೆ ಈ ಸ್ವಾರಸ್ಯ ಬರುತ್ತಿರಲಿಲ್ಲ.

ಮಹಾಭಾರತದ ಪ್ರಕಾರ ಭೀಮನು ಬಕನ ಹೆಣವನ್ನು ಎಳೆದು ತಂದು ಊರಬಾಗಿಲಲ್ಲಿ ಹಾಕುತ್ತಾನೆ. ಕೈವಾರದ ಜನ ಇಷ್ಟಕ್ಕೆ ತೃಪ್ತರಾಗಲಿಲ್ಲ. ಭೀಮನು ಬಕಾಸುರನನ್ನು ತಮ್ಮ ಬೆಟ್ಟದ ಗವಿಯೊಳಗೆ ತುರುಕಿ ಮೇಲೆ ಬಂಡೆ ಮುಚ್ಚಿದನೆಂದೂ, ಬಂಡೆಯ ಸಂದಿನಲ್ಲಿ ಒಸರುವುದು ಅವನ ರಕ್ತವೆಂದೂ ಅವರು ಹೇಳುತ್ತ ಬಂದಿದ್ದಾರೆ. ಊರಿನಲ್ಲಿ ಭೀಮನು ಪ್ರತಿಷ್ಠಿಸಿದನೆನ್ನುವ ಭೀಮಲಿಂಗೇಶ್ವರನ ಗುಡಿಯೂ ಇದೆ. ಬಿಹಾರದ ಆರಾ ಪಟ್ಟಣದ ಕಡೆಯವರೂ ಬಂಗಾಳದ ಬೀರಭೂಮ್ ಜಿಲ್ಲೆಯವರೂ ಏಕಚಕ್ರಪುರ ತಮ್ಮದೆನ್ನುತ್ತಾರೆ. ಇವರಲ್ಲಿ ಯಾರ ಮಾತು ನಿಜವೆಂದು ತೀರ್ಪು ಕೊಡುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಗಮನಿಸತಕ್ಕ ಅಂಶವೆಂದರೆ, ಊರಬಾಗಿಲಲ್ಲಿ ಬಿದ್ದ ಹೆಣ ಒಂದು ದಿನ ಮಣ್ಣಾಗಿ ಹೋಗುತ್ತದೆ. ಬೆಟ್ಟದೊಳಗಿನ ಬಕ ಹೋಗುವುದಿಲ್ಲ. ದನ ಕಾಯುವ ಹುಡುಗ ದಿನವೂ ನೋಡುವ ಬಂಡೆಗೆ ಕಥೆಯನ್ನು ಕಟ್ಟಿಹಾಕಿದ್ದರಿಂದ ಅದು ಪುಸ್ತಕದ ಸಹಾಯವಿಲ್ಲದೆ ತಲೆಮಾರುಗಳನ್ನು ದಾಟಿ ಬಂದಿತು.

ಇಂತಹ ಪಾತ್ರಗಳನ್ನು ರಾತ್ರಿಯೆಲ್ಲ ಕಣ್ಣಮುಂದೆ ತಂದು ನಿಲ್ಲಿಸುತ್ತಿದ್ದುದು ಮೂಡಲಪಾಯದ ಬಯಲಾಟ. ಕೋಲಾರದ ಸೀಮೆಯಲ್ಲಿ ಅದಕ್ಕೆ ಕೇಳಿಕೆ ಎಂದು ಹೆಸರು. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ತಡೆದು ನಿಲ್ಲಿಸಿ, ತಾವು ಯಾರು, ಯಾವ ಊರು, ತಂದೆತಾಯಿ ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಕ್ಷಸನಿಗೂ ಈ ವಿಚಾರಣೆ ತಪ್ಪಿದ್ದಲ್ಲ. ಎಷ್ಟೇ ಅಬ್ಬರಿಸಿಕೊಂಡು ಬಂದವನಾದರೂ ತನ್ನ ಕುಲಗೋತ್ರವನ್ನೂ ಬಂದ ಉದ್ದೇಶವನ್ನೂ ಸಭೆಗೆ ತಿಳಿಸಲೇಬೇಕು. ಹೊಸ ಪಾತ್ರವನ್ನು ಕಲ್ಪಿಸುವ ಯಾರೇ ಆಗಲಿ ಸಾರಥಿಯ ಈ ಪ್ರಶ್ನೆಗಳನ್ನು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಲ್ಪಿತ ಜೀವಿಗೆ ಶಕ್ತಿಯೊಡನೆ ಕಟ್ಟುಪಾಡೂ ಇರಬೇಕೆಂಬುದಕ್ಕೆ ಪುರುಷಾಮೃಗಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅರ್ಧ ಮನುಷ್ಯ, ಅರ್ಧ ಮೃಗವಾದ ಇದರ ಕಥೆ ದಕ್ಷಿಣದೇಶದ ಜನಪದರಲ್ಲಿ ಪ್ರಚಾರದಲ್ಲಿದೆ. ಧರ್ಮರಾಯನ ಯಾಗಕ್ಕೆ ಅದನ್ನು ಕರೆತರಲು ಭೀಮನು ಹೋಗುತ್ತಾನೆ. ತನ್ನ ಸೀಮೆಯನ್ನು ದಾಟುವುದರೊಳಗೆ ಸಿಕ್ಕಿಬಿದ್ದರೆ ಭೀಮನನ್ನು ತಿನ್ನುವುದಾಗಿ ಅದು ಷರತ್ತು ಹಾಕುತ್ತದೆ. ಅದರ ವೇಗಕ್ಕೆ ಗಾಳಿಯೂ ಸಮನಲ್ಲ. ಆದರೆ ಅದು ಪರಮ ಶಿವಭಕ್ತ. ಲಿಂಗವನ್ನು ಕಂಡಲ್ಲಿ ನಿಂತು ಪೂಜಿಸದೆ ಮುಂದಕ್ಕೆ ಹೆಜ್ಜೆಯಿಡದು. ಹನುಮಂತನು ಕೊಟ್ಟ ರೋಮಗಳನ್ನು ಭೀಮನು ಒಂದೊಂದಾಗಿ ಉದುರಿಸುತ್ತ ಓಡುತ್ತಾನೆ. ಅವು ಬಿದ್ದಲ್ಲೆಲ್ಲ ಲಿಂಗಗಳು ಮೂಡುತ್ತವೆ. ಕಡೆಯಲ್ಲಿ ಭೀಮನ ಒಂದು ಕಾಲು ಸೀಮೆಯ ಹೊರಗೆ, ಇನ್ನೊಂದು ಒಳಗೆ ಇರುವಾಗ ಪುರುಷಾಮೃಗ ಹಿಡಿಯುತ್ತದೆ. ನ್ಯಾಯ ಧರ್ಮರಾಯನ ಮುಂದೆ ಬರುತ್ತದೆ. ತಮ್ಮನ ಅರ್ಧ ದೇಹ ಮೃಗಕ್ಕೆ ಸೇರಬೇಕೆಂದು ಅವನು ತೀರ್ಪು ಕೊಡುತ್ತಾನೆ. ಆ ನಿಷ್ಪಕ್ಷಪಾತಕ್ಕೆ ಮೆಚ್ಚಿ ಮೃಗವು ಭೀಮನನ್ನು ಬಿಟ್ಟುಬಿಡುತ್ತದೆ. ಓಟ, ಭಕ್ತಿ, ಗಡಿ ಈ ಮೂರರಲ್ಲಿ ಯಾವೊಂದನ್ನು ತೆಗೆದುಹಾಕಿದರೂ ಈ ಕಥೆ ಕುಸಿದುಬೀಳುತ್ತದೆ.

ದೇವತೆಗಳ ಕಾಳಗಗಳಲ್ಲಿಯೂ ಇದೇ ನಿಯಮ ಕಾಣುತ್ತದೆ. ಹಿರಣ್ಯಕಶಿಪು ಪಡೆದ ವರ ಒಂದು ಭದ್ರವಾದ ಕೋಟೆ: ಮನುಷ್ಯನಿಂದಲೂ ಮೃಗದಿಂದಲೂ, ಹಗಲೂ ಇರುಳೂ, ಒಳಗೂ ಹೊರಗೂ, ನೆಲದಲ್ಲೂ ಆಕಾಶದಲ್ಲೂ ಅವನಿಗೆ ಸಾವಿಲ್ಲ. ಆ ಕೋಟೆಯ ಬಿರುಕುಗಳ ಅಳತೆಗೆ ಸರಿಯಾಗಿ ನರಸಿಂಹನ ರೂಪ ಸಿದ್ಧವಾಗುತ್ತದೆ. ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು ಎಲ್ಲವೂ ವರದ ಮಾತುಗಳಿಗೆ ಕೊಟ್ಟ ಉತ್ತರಗಳು. ಮುಂದೆ ಶೈವಪುರಾಣಗಳು ನರಸಿಂಹನ ಉಗ್ರತೆಯನ್ನು ಅಡಗಿಸಲು ಎಂಟು ಕಾಲು, ರೆಕ್ಕೆಗಳುಳ್ಳ ಶರಭನನ್ನು ತಂದವು. ಇದನ್ನು ಸಹಿಸದ ವೈಷ್ಣವರು ಶರಭನನ್ನೂ ಮೀರಿಸಬಲ್ಲ ಗಂಡಭೇರುಂಡವನ್ನು ವಿಷ್ಣುವಿನ ರೂಪವೆಂದು ಕಥೆ ಕಟ್ಟಿದರು. ಗಂಡಭೇರುಂಡವಾದರೋ ಈ ವಾದಕ್ಕೆ ಮಾತ್ರ ಸೇರಿದ ಪಕ್ಷಿಯಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿಯೇ ಅದರ ಸ್ತಂಭವನ್ನು ನಿಲ್ಲಿಸಿದ್ದರು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಅದು ಆನೆಗಳನ್ನು ಕೊಕ್ಕಿನಲ್ಲೂ ಉಗುರುಗಳಲ್ಲೂ ಹಿಡಿದಿದೆ. ಮೈಸೂರು ಅರಸರ ಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಅದು ನೆಲೆಸಿದೆ. ಆ ಮುದ್ರೆಯ ಎರಡು ಪಕ್ಕಗಳಲ್ಲಿ ನಿಂತಿರುವುವು ಆನೆಯ ತಲೆ, ಸಿಂಹದ ಮೈಯುಳ್ಳ ಪ್ರಾಣಿಗಳೆಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ.

ಈ ಸರಪಳಿಯನ್ನು ಪರಿಶೀಲಿಸಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೇಲೆ ಕಾದಾಡುತ್ತಿರುವವರು ದೇವರುಗಳು. ಕೆಳಗೆ ಕಾದಾಡುತ್ತಿದ್ದವರು ಅವರ ಭಕ್ತರು. ಸಿಂಹಕ್ಕೆ ಮಿಗಿಲಾದುದು ಶರಭ, ಶರಭಕ್ಕೆ ಮಿಗಿಲಾದುದು ಗಂಡಭೇರುಂಡ ಎಂದು ಏರುತ್ತ ಹೋದರೆ ಅದಕ್ಕೆ ಕೊನೆಯೆಲ್ಲಿ? ಇದಕ್ಕೆ ಬೇರೊಂದು ದಾರಿಯನ್ನೂ ನಮ್ಮ ಕಲ್ಪನೆ ಕಂಡುಕೊಂಡಿತು. ತುಂಗಭದ್ರೆಯ ತೀರದ ಹರಿಹರದಲ್ಲಿ ಗುಹಾಸುರನೆಂಬವನು ಹರಿಯಿಂದಲೂ ಹರನಿಂದಲೂ ಸಾಯದ ವರ ಪಡೆದಿದ್ದನಂತೆ. ಇಬ್ಬರೂ ಒಂದೇ ದೇಹದಲ್ಲಿ ಕೂಡಿ ಅವನನ್ನು ಕೊಂದರು. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಅಲ್ಲಿನ ಗುಡಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣುವಾದ ಮೂರ್ತಿಯಿದೆ. ಯಾಳಿಯಲ್ಲಿ ಕಂಡ ಬೆಸುಗೆಯ ಕೌಶಲವೇ ಇಲ್ಲಿ ಜಗಳ ಬಿಡಿಸಲು ಬಳಕೆಯಾಗಿದೆ.

ಕಲ್ಪನೆಯ ಲೋಕದಲ್ಲಿ ಅಪಾಯಕಾರಿಯಾದ ಕೆಲಸವೂ ಒಂದಿದೆ. ಯಾರನ್ನು ದೇವರ ಕಡೆಗೆ, ಯಾರನ್ನು ಅಸುರರ ಕಡೆಗೆ ಸೇರಿಸುವುದು ಎಂಬ ತೀರ್ಮಾನವೇ ಅದು. ‘ಅಸುರ’ ಎಂಬ ಶಬ್ದದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಋಗ್ವೇದದ ಹಳೆಯ ಭಾಗಗಳಲ್ಲಿ ಅದು ವರುಣ, ಇಂದ್ರ, ಅಗ್ನಿ ಮೊದಲಾದ ದೇವತೆಗಳಿಗೆ ಸಂದ ಗೌರವದ ವಿಶೇಷಣ. ಕಾಲಾನುಕ್ರಮದಲ್ಲಿ ಅದೇ ಶಬ್ದ ದೇವತೆಗಳ ವೈರಿಗಳ ಹೆಸರಾಯಿತು. ನೆರೆಯ ಪ್ರಾಚೀನ ಇರಾನಿನಲ್ಲಿ ಇದಕ್ಕೆ ತಲೆಕೆಳಗಾದ ಸ್ಥಿತಿ: ಅಲ್ಲಿ ಅಹುರ ಮಜ್ದ ಪರಮ ದೇವ, ‘ದಯೇವ’ರು ದುಷ್ಟಶಕ್ತಿಗಳು. ಒಂದೇ ಮೂಲದ ಎರಡು ಶಬ್ದಗಳು ಗಡಿಯ ಈಚೆಗೆ ಒಂದು ಪಕ್ಷದಲ್ಲಿ, ಆಚೆಗೆ ಇನ್ನೊಂದು ಪಕ್ಷದಲ್ಲಿ ನಿಂತಿವೆ. ಚರಿತ್ರೆಯಲ್ಲಿ ತಮ್ಮ ಶತ್ರುಗಳಿಗೆ ಕೋರೆಹಲ್ಲು ಅಂಟಿಸಿದ ಜನಾಂಗಗಳಿಗೆ ಕೊರತೆಯಿಲ್ಲ. ಕೋರೆಹಲ್ಲು ಮೂಡಿದವನ ಮನೆ ಸುಟ್ಟರೂ ಯಾರೂ ಮರುಗುವುದಿಲ್ಲ.

ಹಾಗೆಂದು ನಮ್ಮ ಜನ ಕಲ್ಪಿತ ಜೀವಿಗಳನ್ನೆಲ್ಲ ಕೊಂದೇ ಕಥೆ ಮುಗಿಸಲಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದರೆ ಸಾಲುಸಾಲಾಗಿ ನಿಂತ ನಾಗರಕಲ್ಲುಗಳು ಕಾಣುತ್ತವೆ. ವಿದುರನು ನೆಟ್ಟನೆಂದು ಹೇಳುತ್ತಿದ್ದ ಅಲ್ಲಿನ ಹಳೆಯ ಅಶ್ವತ್ಥವೃಕ್ಷ 2001ರಲ್ಲಿ ಉರುಳಿಹೋಯಿತು, ಕಲ್ಲುಗಳು ಉಳಿದಿವೆ. ಹೆಣೆದುಕೊಂಡ ಎರಡು ಹಾವು, ಐದು ಹೆಡೆಯ ಹಾವು, ಸೊಂಟದ ಮೇಲೆ ಮನುಷ್ಯರೂಪ, ಕೆಳಗೆ ಹಾವಿನ ಸುರುಳಿ ಹೀಗೆ ನಾಗರಕಲ್ಲುಗಳಲ್ಲಿ ಬಗೆಗಳು ಹಲವು. ಹೊಲದಲ್ಲಿ ನಿಜವಾಗಿಯೂ ಕಚ್ಚಿ ಕೊಲ್ಲಬಲ್ಲ ಪ್ರಾಣಿಗೆ ರೈತನು ಅರ್ಧ ತನ್ನ ಮುಖವನ್ನೇ ಕೊಟ್ಟು, ಅರಿಸಿನ ಕುಂಕುಮ ಹಚ್ಚಿ, ಸಂತಾನವನ್ನು ಬೇಡಿಕೊಂಡನು. ಮಹಾಭಾರತದಲ್ಲಿಯೂ ಹಾವುಗಳ ಕುಲವನ್ನೇ ಸುಡಲು ಹೊರಟ ಜನಮೇಜಯನ ಸರ್ಪಯಾಗವನ್ನು ನಿಲ್ಲಿಸಿದವನು ಆಸ್ತೀಕ. ತಾಯಿಯ ಕಡೆಯಿಂದ ನಾಗ, ತಂದೆಯ ಕಡೆಯಿಂದ ಮನುಷ್ಯ.

ಕಥೆಗಾರನಿಗೆ ಪ್ರಕೃತಿಯೇ ಸವಾಲು ಹಾಕುವ ಸ್ಥಳವೊಂದನ್ನು ಹೇಳದೆ ಈ ವಿಷಯ ಪೂರ್ತಿಯಾಗದು. ಅದು ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರಿನ ಸುತ್ತಮುತ್ತ ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳುಗಳ ಸದ್ದು ಸಾಕಣೆಮನೆಗಳಲ್ಲಿ ಸಣ್ಣ ಮಳೆಯಂತೆ ಕೇಳಿಸುತ್ತದೆ. ಬಹಳ ಚಿಕ್ಕದಾಗಿ ಹುಟ್ಟಿದ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು ನಾಲ್ಕು ಬಾರಿ ಚರ್ಮ ಕಳಚುತ್ತದೆ. ಬಕಾಸುರನೂ ನಾಚುವಂತೆ ತಿಂದು, ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಾಲಿನಷ್ಟು ಬೆಳೆಯುತ್ತದೆ. ಆಮೇಲೆ ತಿನ್ನುವುದನ್ನು ಒಮ್ಮೆಗೇ ನಿಲ್ಲಿಸಿ, ತನ್ನ ಸುತ್ತ ನೂರಾರು ಮೀಟರು ಉದ್ದದ ಒಂದೇ ಎಳೆಯನ್ನು ಸುತ್ತಿಕೊಂಡು ಒಳಗೆ ಮರೆಯಾಗುತ್ತದೆ. ಹೊರಬಂದಾಗ ಅದಕ್ಕೆ ರೆಕ್ಕೆಗಳಿರುತ್ತವೆ, ಆದರೆ ಹಾರಲಾರದು. ಬಾಯಿಯ ಕೆಲಸವೂ ಮುಗಿದುಹೋಗಿರುತ್ತದೆ. ಉಣ್ಣದೆ ಕೆಲವು ದಿನ ಬದುಕಿ, ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಇಷ್ಟನ್ನೂ ನೋಡುವ ಅವಕಾಶ ಬಿತ್ತನೆಗೆಂದು ಆರಿಸಿದ ಗೂಡುಗಳಿಗೆ ಮಾತ್ರ. ಚಿಟ್ಟೆಯು ಗೂಡನ್ನು ತೂತುಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆಯಾದ್ದರಿಂದ, ಮಾರುಕಟ್ಟೆಯಲ್ಲಿ ತೂಗಿ ಹರಾಜಾದ ಗೂಡುಗಳು ಚಿಟ್ಟೆಯಾಗುವ ಮೊದಲೇ ನೂಲು ಬಿಚ್ಚುವ ಮನೆಯ ಬಿಸಿನೀರನ್ನು ಸೇರುತ್ತವೆ.